ಮನೆಯ ವಯಸ್ಸು ಹಿತ್ತಿಲಿಗೆ ಗೊತ್ತು: ಕೆಂಟಕಿಯ ಬರ್ಬನ್ ಕೌಂಟಿಯ ಹಳೇ ಮನೆ, ಹೊಲ, ಕಲ್ಲುಗೋಡೆ

ಪ್ರಶ್ನೆ: ನಾವು ಐದು ವರ್ಷದಿಂದ ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿದ್ದೇವೆ. ಪಕ್ಕದ ಬರ್ಬನ್ ಕೌಂಟಿಯಲ್ಲಿ 12 ಎಕರೆ ಜಮೀನಿನ ಜೊತೆ ಒಂದು ಹಳೇ ಇಟ್ಟಿಗೆ ಮನೆ ಮಾರಾಟಕ್ಕಿದೆ. 1795ರಲ್ಲಿ ಕಟ್ಟಿದ್ದು ಎಂದು ಏಜೆಂಟ್ ಹೇಳುತ್ತಾರೆ. ಮನೆಯ ಹಿಂದೆ ಕಿಟಕಿಯೇ ಇಲ್ಲದ ಒಂದು ಚಿಕ್ಕ ಇಟ್ಟಿಗೆ ಕೋಣೆ, ಆಚೆ ಕಪ್ಪು ಬಣ್ಣದ ಎತ್ತರದ ಬಾರ್ನ್ (ಹೊಲದ ಮರದ ಕಟ್ಟಡ), ರಸ್ತೆ ಪಕ್ಕದಲ್ಲಿ ಗಾರೆ ಇಲ್ಲದ ಕಲ್ಲುಗೋಡೆ ಇವೆ. ಅದು ಗುಲಾಮರು ಕಟ್ಟಿದ ಗೋಡೆ ಎಂದು ನೆರೆಯವರು ಹೇಳಿದರು. ಇದರಲ್ಲಿ ಯಾವುದು ನಿಜ, ಹೇಗೆ ತಿಳಿಯುವುದು? ಕೊಂಡರೆ ಮೊದಲು ಏನು ಮಾಡಿಸಬೇಕು, ಏನು ಮಾಡಿಸಬಾರದು?

ಉತ್ತರ: ನಾನು ಹಳೇ ಕಟ್ಟಡಗಳ ದುರಸ್ತಿಯನ್ನೇ ಕಸುಬು ಮಾಡಿಕೊಂಡವನು. ಬರ್ಬನ್ ಕೌಂಟಿಯ ಹಳ್ಳಿ ರಸ್ತೆಗಳಲ್ಲಿ ತುಂಬಾ ಓಡಾಡಿದ್ದೇನೆ. ನಿಮ್ಮ ಪತ್ರ ಓದಿ ಖುಷಿಯಾಯಿತು, ಯಾಕೆಂದರೆ ಮನೆಯ ಜೊತೆಗೆ ಹಿಂದಿನ ಕೋಣೆ, ಬಾರ್ನ್, ಗೋಡೆ ಎಲ್ಲವನ್ನೂ ಕೇಳಿದ್ದೀರಿ. ಇಲ್ಲಿ ಮನೆಯೊಂದನ್ನೇ ನೋಡಿದರೆ ಕಥೆ ಅರ್ಧವೂ ಸಿಗುವುದಿಲ್ಲ.

ಮೊದಲು 1795ರ ಮಾತು. ಏಜೆಂಟ್ ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬೇಡಿ. ಈ ಭಾಗದಲ್ಲಿ ಮನೆಯ ವರ್ಷ ಎಂದು ಹೇಳುವುದು ಎಷ್ಟೋ ಸಲ ಜಮೀನಿನ ವರ್ಷ. ಮೊದಲ ಒಡೆಯನ ಹೆಸರಿಗೆ ಜಮೀನು ಬಂದ ವರ್ಷವೇ ಬಾಯಿಂದ ಬಾಯಿಗೆ ದಾಟಿ, ಮನೆ ಕಟ್ಟಿದ ವರ್ಷ ಆಗಿಬಿಡುತ್ತದೆ. ಆ ಒಡೆಯ ಬಂದ ಹೊಸದರಲ್ಲಿ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಜೋಡಿಸಿ ಒಂದೇ ಕೋಣೆಯ ಮನೆ ಕಟ್ಟಿಕೊಂಡಿರುತ್ತಾನೆ. ಕೈಯಲ್ಲಿ ನಾಲ್ಕು ಕಾಸು ಓಡಾಡಿದ ಮೇಲೆ ಅವನೋ, ಅವನ ಮಗನೋ ಇಟ್ಟಿಗೆ ಮನೆ ಎಬ್ಬಿಸುತ್ತಾರೆ. ಹೀಗೆ 20, 30 ವರ್ಷದ ವ್ಯತ್ಯಾಸ ಸಾಮಾನ್ಯ.

ಹಾಗಂತ 1795 ಆಗಲಿಕ್ಕೇ ಸಾಧ್ಯವಿಲ್ಲ ಎಂದೂ ಅಲ್ಲ. ಈ ಕೌಂಟಿಯೇ ಹುಟ್ಟಿದ್ದು 1785ರಲ್ಲಿ. ಆಗ ಕೆಂಟಕಿ ರಾಜ್ಯ ಇರಲಿಲ್ಲ, ಇದೆಲ್ಲ ವರ್ಜೀನಿಯಾಕ್ಕೆ ಸೇರಿತ್ತು. ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಯುದ್ಧದಲ್ಲಿ ಫ್ರಾನ್ಸ್ ಅಮೆರಿಕನ್ನರ ಕೈ ಹಿಡಿದಿತ್ತು. ಆ ಋಣಕ್ಕೆ ಫ್ರಾನ್ಸಿನ ರಾಜಮನೆತನದ ಹೆಸರನ್ನು ಕೌಂಟಿಗೆ ಇಟ್ಟರು. ಕೌಂಟಿಯ ಮುಖ್ಯ ಊರಿಗೆ ಮೊದಲು ಹೋಪ್‌ವೆಲ್ ಎಂದಿತ್ತು, ಅದೂ ಪ್ಯಾರಿಸ್ ಆಯಿತು. ಕೆಂಟಕಿ ರಾಜ್ಯ ಆದದ್ದು 1792ರಲ್ಲಿ. ಆದರೆ ಪ್ಯಾರಿಸ್ಸಿನ ಡಂಕನ್ ಟ್ಯಾವರ್ನ್ ಎಂಬ ಕಲ್ಲಿನ ಛತ್ರ 1788ರದು. ಸುತ್ತ ಎಲ್ಲ ದಿಮ್ಮಿ ಮನೆಗಳಿದ್ದ ಕಾಲದಲ್ಲಿ ಅದನ್ನು ಸುಣ್ಣಕಲ್ಲಿನಲ್ಲಿ ಕಟ್ಟಿದರು. ಅದು ಈಗಲೂ ನಿಂತಿದೆ, ಒಳಗೆ ಹೋಗಿ ನೋಡಬಹುದು. ಅಂದರೆ ಕಸುಬು ಬಲ್ಲವರು ಆಗಲೇ ಇದ್ದರು. ನಿಮ್ಮ ಮನೆ ಯಾರದು, ಯಾವಾಗಿನದು ಎಂಬುದನ್ನು ಅದರ ಮೈಯಲ್ಲೇ ಹುಡುಕಬೇಕು.

ನಾನು ಯಾವಾಗಲೂ ಹಿತ್ತಿಲಿನಿಂದ ಶುರು ಮಾಡುತ್ತೇನೆ. ಮನೆಯ ಮುಂಭಾಗ ಕಾಲಕ್ಕೆ ತಕ್ಕ ಹಾಗೆ ವೇಷ ಬದಲಿಸಿರುತ್ತದೆ. ಹೊಸ ವರಾಂಡ, ಹೊಸ ಬಾಗಿಲು, ದೊಡ್ಡ ಕಂಬ ಎಲ್ಲ ಅಲ್ಲೇ ಬರುತ್ತವೆ. ಹಿಂಭಾಗಕ್ಕೆ ಯಾರೂ ದುಡ್ಡು ಸುರಿದಿರುವುದಿಲ್ಲ. ಇನ್ನೊಂದು ವಿಷಯವನ್ನೂ ಗಮನಿಸಿ. ಈಗಿನ ಹಿಂಭಾಗವೇ ಒಂದು ಕಾಲದಲ್ಲಿ ಮುಂಭಾಗ ಆಗಿದ್ದಿರಬಹುದು. ಇಲ್ಲಿ ಮೊದಲು ಬಂದವರು ಮನೆ ಕಟ್ಟಿದ್ದು ಒರತೆ ನೋಡಿಕೊಂಡು. ನೆಲದಡಿ ಎಲ್ಲ ಸುಣ್ಣಕಲ್ಲು, ಅದರ ಬಿರುಕಿನಿಂದ ತಣ್ಣನೆಯ ನೀರು ಅಲ್ಲಲ್ಲಿ ಉಕ್ಕುತ್ತದೆ. ಅದರ ಹತ್ತಿರ ಮನೆ, ಮನೆಯ ಮುಖ ಹಳ್ಳದ ಕಡೆಗೋ ಹಳೇ ಜಾಡಿನ ಕಡೆಗೋ. ಡಾಂಬರು ರಸ್ತೆ ಆಮೇಲೆ ಬೇರೆ ಕಡೆ ಬಂದಾಗ ಮನೆಯನ್ನೇ ತಿರುಗಿಸಲು ಆಗುತ್ತದೆಯೇ? ಹಿಂಬಾಗಿಲನ್ನು ಮುಂಬಾಗಿಲು ಮಾಡಿಕೊಂಡರು, ಅಷ್ಟೇ.

ಇಟ್ಟಿಗೆ ಜೋಡಿಸಿದ ರೀತಿ ನೋಡಿ. ಒಂದೇ ಸಾಲಿನಲ್ಲಿ ಇಟ್ಟಿಗೆಯ ಉದ್ದದ ಮೈ ಒಂದು, ತಲೆ ಒಂದು, ಮತ್ತೆ ಉದ್ದದ ಮೈ ಒಂದು ಹೀಗೆ ಬಂದರೆ ಅದು ಫ್ಲೆಮಿಶ್ ಜೋಡಣೆ. ಇದಕ್ಕೆ ಕೈಕೆಲಸ ಜಾಸ್ತಿ, ಖರ್ಚೂ ಜಾಸ್ತಿ. 1800ರ ಆಚೀಚಿನ ಮನೆಗಳಲ್ಲಿ ಜನಕ್ಕೆ ಕಾಣುವ ಗೋಡೆಗೆ ಮಾತ್ರ ಇದನ್ನು ಮಾಡಿ, ಪಕ್ಕದ ಗೋಡೆಗಳಿಗೆ ಸಾದಾ ಜೋಡಣೆ ಮಾಡುತ್ತಿದ್ದರು. ನಿಮ್ಮ ಮನೆಯ ಹಿಂದಿನ ಗೋಡೆಯಲ್ಲಿ ಫ್ಲೆಮಿಶ್ ಜೋಡಣೆ ಸಿಕ್ಕಿ ಮುಂದಿನದರಲ್ಲಿ ಸಿಗದಿದ್ದರೆ, ಮನೆ ಮುಖ ಬದಲಿಸಿದೆ ಎಂದು ಅರ್ಥ.

ಆಮೇಲೆ ಒಂದು ಟಾರ್ಚ್ ಹಿಡಿದು ಅಟ್ಟ ಹತ್ತಿ, ನೆಲಮಾಳಿಗೆಗೆ ಇಳಿಯಿರಿ. ಅಲ್ಲಿ ಯಾರೂ ಪೇಂಟ್ ಹೊಡೆದಿರುವುದಿಲ್ಲ. ಹಲಗೆಯ ಮೇಲೆ ಗರಗಸದ ಗೀರು ನೆಟ್ಟಗೆ, ಒಂದರ ಪಕ್ಕ ಒಂದು ಬಂದಿದ್ದರೆ ಅದು ಮೇಲೆ ಕೆಳಗೆ ಆಡುವ ಗರಗಸದ ಕಾಲದ್ದು. ಗೀರು ಬಿಲ್ಲಿನ ಹಾಗೆ ಬಾಗಿದ್ದರೆ ದುಂಡು ಗರಗಸ, ಅಂದರೆ ಸುಮಾರು 1840ರಿಂದ ಈಚೆಗೆ. ಮೊಳೆಯೂ ಹಾಗೇ ಮಾತಾಡುತ್ತದೆ. ಕಮ್ಮಾರ ಒಂದೊಂದಾಗಿ ಬಡಿದ ಮೊಳೆಗೆ ತಲೆಯ ಮೇಲೆ ಸುತ್ತಿಗೆಯ ನಾಲ್ಕೈದು ಪಟ್ಟಿ ಕಾಣುತ್ತದೆ. ತಗಡಿನಿಂದ ಕತ್ತರಿಸಿದ ಚಪ್ಪಟೆ ಮೊಳೆ 1790ರ ದಶಕದಿಂದ ಸುಮಾರು 1890ರ ತನಕ. ಈಗ ಅಂಗಡಿಯಲ್ಲಿ ಸಿಗುವ ದುಂಡು ತಂತಿಯ ಮೊಳೆ ಬಳಕೆಗೆ ಬಂದಿದ್ದು ಅದರ ಮೇಲೆ. ಒಂದೇ ಮೊಳೆ ನೋಡಿ ತೀರ್ಮಾನಕ್ಕೆ ಬರಬೇಡಿ. ರಿಪೇರಿಗೆ ಹೊಡೆದದ್ದೂ ಇರುತ್ತದೆ, ಹಳೇ ಮನೆಯಿಂದ ಕಿತ್ತು ತಂದದ್ದೂ ಇರುತ್ತದೆ. ನೆಲದ ತೊಲೆ, ಮೆಟ್ಟಿಲು, ಮಾಡಿನ ತೊಲೆ ಮೂರೂ ಒಂದೇ ಮಾತು ಹೇಳಿದಾಗ ನಂಬಿ.

ಕಿಟಕಿಯ ಚೌಕಟ್ಟಿನ ಆಳವನ್ನೂ ಅಳೆಯಿರಿ. ಮರದ ಹಲಗೆ ಹೊಡೆದ ಸಾದಾ ಮನೆಯ ಗೋಡೆ ಐದಾರು ಅಂಗುಲ ದಪ್ಪ ಇರುತ್ತದೆ. ಒಂದು ಕೋಣೆಯಲ್ಲಿ ಮಾತ್ರ ಗೋಡೆ ಹತ್ತು ಅಂಗುಲ ಆಗಿಬಿಟ್ಟರೆ ಒಳಗೆ ದಿಮ್ಮಿ ಇದೆ ಎಂದು ನನ್ನ ಅನುಮಾನ ಏಳುತ್ತದೆ. ಆ ಮೊದಲ ದಿಮ್ಮಿ ಮನೆಯನ್ನು ಇವರು ಎಷ್ಟೋ ಸಲ ಕೆಡವುತ್ತಿರಲಿಲ್ಲ. ಅದರ ಮೇಲೆ ಹಲಗೆ ಹೊಡೆದು, ಒಳಗೆ ಗಿಲಾವು ಮಾಡಿ, ಅಡುಗೆಮನೆಯನ್ನಾಗಿಯೋ ಹಿಂದಿನ ಕೋಣೆಯನ್ನಾಗಿಯೋ ಉಳಿಸಿಕೊಳ್ಳುತ್ತಿದ್ದರು. ನಿಮ್ಮ ಇಟ್ಟಿಗೆ ಮನೆಯ ಹಿಂದೆ ಹಲಗೆ ಹೊಡೆದ ಒಂದು ಭಾಗ ಅಂಟಿಕೊಂಡಿದ್ದರೆ, ಆ 1795 ಅಲ್ಲೇ ಅಡಗಿ ಕೂತಿರಬಹುದು. ದಿಮ್ಮಿ ಸಿಕ್ಕರೆ ವರ್ಷ ಹೇಳುವುದು ಕಷ್ಟವಲ್ಲ. ಸಣ್ಣ ಕೊಳವೆಯಷ್ಟು ಮರ ಕೊರೆದು ತೆಗೆದು, ಅದರ ಬೆಳವಣಿಗೆಯ ಉಂಗುರಗಳನ್ನು ಎಣಿಸಿ ಹೋಲಿಸುತ್ತಾರೆ. ಹೊರ ಅಂಚು ಉಳಿದಿದ್ದರೆ ಆ ಮರ ಕಡಿದ ವರ್ಷವೇ ಗೊತ್ತಾಗುತ್ತದೆ.

ಇನ್ನು ಕಾಗದ ಪತ್ರ. ಪ್ಯಾರಿಸ್‌ನಲ್ಲಿರುವ ಕೌಂಟಿ ಕ್ಲರ್ಕ್ ಕಚೇರಿಗೆ ಹೋಗಿ. ಈಗಿನ ಮಾಲೀಕರ ಕ್ರಯಪತ್ರದಿಂದ ಶುರು ಮಾಡಿ ಹಿಂದೆ ಹಿಂದೆ ಹೋಗಿ. ಇಲ್ಲಿನ ಚಕ್ಕುಬಂದಿ ನೋಡಿದರೆ ನಿಮಗೆ ಊರಿನ ಹಳೇ ಕ್ರಯಪತ್ರಗಳು ನೆನಪಾಗುತ್ತವೆ. ಚೌಕಾಕಾರದ ಸರ್ವೆ ನಂಬರ್ ಇಲ್ಲಿಲ್ಲ. ಇಂಥ ಹಳ್ಳದ ದಂಡೆಯ ಇಂಥ ಮರದಿಂದ ಇಷ್ಟು ಪೋಲ್ ಉತ್ತರಕ್ಕೆ, ಅಲ್ಲಿಂದ ಇಂಥವರ ಮೂಲೆಕಲ್ಲಿಗೆ, ಹೀಗೆ ಸಾಗುತ್ತದೆ. ಒಂದು ಪೋಲ್ ಅಂದರೆ 16.5 ಅಡಿ, 160 ಚದರ ಪೋಲ್‌ಗೆ ಒಂದು ಎಕರೆ. ಮರ ಬಿದ್ದುಹೋದರೆ ಗಡಿಯೂ ಹೋಯಿತು. ಒಂದೇ ಜಮೀನನ್ನು ಇಬ್ಬರು ಮೂವರು ತಮ್ಮದೆಂದು ಬರೆಸಿಕೊಂಡದ್ದೂ ಇತ್ತು. ಅಬ್ರಹಾಂ ಲಿಂಕನ್ ಅವರ ತಂದೆ ಕೆಂಟಕಿ ಬಿಟ್ಟು ಇಂಡಿಯಾನಾಕ್ಕೆ ಹೋಗಲು ಇಂಥ ಹಕ್ಕುಪತ್ರದ ರಗಳೆಯೂ ಒಂದು ಕಾರಣ.

ಕ್ರಯಪತ್ರದಲ್ಲಿ ಜಮೀನಿನ ಮಾತು ಇರುತ್ತದೆಯೇ ಹೊರತು ಮನೆಯ ಮಾತು ಇರುವುದು ಕಡಿಮೆ. ಅದಕ್ಕೆ ಹಳೇ ತೆರಿಗೆ ಪಟ್ಟಿ ನೋಡಬೇಕು. ಎಕರೆ ಅಷ್ಟೇ ಇದ್ದು, ಒಂದು ವರ್ಷ ಬೆಲೆ ಇದ್ದಕ್ಕಿದ್ದಂತೆ ಜಿಗಿದಿದ್ದರೆ ಅಲ್ಲೇನೋ ದೊಡ್ಡದಾಗಿ ಕಟ್ಟಿದ್ದಾರೆ ಎಂದು ತಿಳಿಯಬಹುದು. 1877ರಲ್ಲಿ ಅಚ್ಚಾದ ಬೀರ್ಸ್ ನಕ್ಷೆ ಸಂಪುಟದಲ್ಲಿ ಬರ್ಬನ್ ಕೌಂಟಿಯೂ ಇದೆ. ಮನೆಗಳ ಜಾಗದಲ್ಲಿ ಚುಕ್ಕಿ, ಪಕ್ಕದಲ್ಲಿ ಒಡೆಯರ ಹೆಸರು. ನಿಮ್ಮ ಹಳ್ಳಿ ರಸ್ತೆ ಗುರುತು ಹಿಡಿದರೆ ಸಾಕು, ಮನೆ ಸಿಗುತ್ತದೆ.

ಈಗ ಆ ಕಿಟಕಿ ಇಲ್ಲದ ಕೋಣೆ. ಬಹುಶಃ ಅದು ಸ್ಮೋಕ್‌ಹೌಸ್, ಅಂದರೆ ಹಂದಿ ಮಾಂಸಕ್ಕೆ ಉಪ್ಪು ಹಾಕಿ, ಹೊಗೆ ಕೊಟ್ಟು ವರ್ಷವಿಡೀ ಇಡುತ್ತಿದ್ದ ಕೋಣೆ. ಮೇಲಿನ ತೊಲೆಗಳು ಇದ್ದಿಲಿನ ಹಾಗೆ ಕಪ್ಪಗಿವೆಯೇ, ಮಾಂಸ ತೂಗುಹಾಕುವ ಗೂಟ ಇವೆಯೇ ನೋಡಿ. ಗೋಡೆಯ ಕೆಳಗಿನ ಎರಡು ಮೂರು ಅಡಿ ಇಟ್ಟಿಗೆ ಮುಟ್ಟಿದರೆ ಪುಡಿಯಾಗಿ ಉದುರುತ್ತಿದ್ದರೆ ಅನುಮಾನವೇ ಬೇಡ. ಎಷ್ಟೋ ವರ್ಷದ ಉಪ್ಪು ಇಟ್ಟಿಗೆಯೊಳಗೆ ಇಳಿದಿದೆ, ಇನ್ನೂ ಕೆಲಸ ಮಾಡುತ್ತಿದೆ. ಹೊಗೆಯ ಗುರುತು ಇಲ್ಲದೆ, ಒಲೆಗೂಡು ಮತ್ತು ಚಿಮಣಿ ಇದ್ದರೆ ಲೆಕ್ಕ ಬೇರೆ. ದೊಡ್ಡ ಒಲೆಗೂಡಾದರೆ ಅಡುಗೆಮನೆ. ಬೆಂಕಿಯ ಭಯಕ್ಕೂ ಸೆಕೆಗೂ ಅಡುಗೆಮನೆಯನ್ನು ದೂರ ಇಡುತ್ತಿದ್ದರು. ಅದರ ಮೇಲಿನ ಅಟ್ಟದಲ್ಲಿ ಅಡುಗೆ ಮಾಡುವವರ ಸಂಸಾರ ಮಲಗುತ್ತಿತ್ತು.

ಆ ಸಂಸಾರದ ವಿಷಯಕ್ಕೆ ಬಂದೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದೇ.

1860ರ ಜನಗಣತಿಯ ಹೊತ್ತಿಗೆ ಬರ್ಬನ್ ಕೌಂಟಿಯ ಜನರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಗುಲಾಮರಾಗಿದ್ದರು. ಹತ್ತಿಯ ರಾಜ್ಯಗಳಲ್ಲಿ ಇದ್ದಂಥ ಸಾವಿರಾರು ಎಕರೆಯ ತೋಟ ಇಲ್ಲಿ ಅಪರೂಪ. ಸೆಣಬಿನ ಹಾಗೆ ನಾರು ಕೊಡುವ ಹೆಂಪ್ ಬೆಳೆಯುತ್ತಿದ್ದರು. ದಕ್ಷಿಣದ ಹತ್ತಿ ಬೇಲ್‌ಗಳಿಗೆ ಬೇಕಾದ ಗೋಣಿ, ಹಗ್ಗ ಎಲ್ಲ ಅದರಿಂದಲೇ. ಚಳಿಗಾಲದಲ್ಲಿ ಹೊಲದ ನಡುವೆ ನಿಂತು ಒಣಗಿದ ಹೆಂಪ್ ದಂಟನ್ನು ಮರದ ಯಂತ್ರದಲ್ಲಿ ಜಜ್ಜಿ ನಾರು ಬಿಡಿಸಬೇಕಿತ್ತು. ಒಬ್ಬನಿಗೆ ದಿನಕ್ಕೆ 100 ಪೌಂಡ್ ನಾರಿನ ಲೆಕ್ಕ. ನೀವು ನೋಡಿ ಮೆಚ್ಚುವ ಎತ್ತರದ ಇಟ್ಟಿಗೆ ಮನೆಗಳ ಹಣ ಬಂದದ್ದು ಈ ದುಡಿಮೆಯಿಂದ, ದನ ಕುದುರೆಗಳಿಂದ. ಮನುಷ್ಯರನ್ನು ಮಾರುವುದರಿಂದಲೂ ಬಂತು.

ಪ್ಯಾರಿಸ್ಸಿನಿಂದ ಮೇಸ್‌ವಿಲ್ ಕಡೆ ಹೋಗುವ ರಸ್ತೆಯಲ್ಲಿ ದಿ ಗ್ರೇಂಜ್ ಎಂಬ ಮನೆಯಿದೆ. ಆ ಕಾಲದ ಕೆಂಟಕಿಯ ಅತಿ ಚೆಂದದ ಮನೆಗಳಲ್ಲಿ ಒಂದು. ಕಟ್ಟಿಸಿದವನು ಎಡ್ವರ್ಡ್ ಸ್ಟೋನ್. ಅವನ ವ್ಯಾಪಾರ ಗುಲಾಮರನ್ನು ಕೊಂಡು, ದಕ್ಷಿಣಕ್ಕೆ ಸಾಗಿಸಿ ಮಾರುವುದು. ಮನೆಯಡಿ ಕಬ್ಬಿಣದ ಕಂಬಿ ಹಾಕಿದ ಸೆರೆಕೋಣೆ ಇದೆ. 1822ರ ಬೇಸಿಗೆಯಲ್ಲಿ ಜೇಮ್ಸ್ ಡಿಕಿ ಎಂಬ ಪಾದ್ರಿ ಪ್ಯಾರಿಸ್ ಹತ್ತಿರ ಒಂದು ಮೆರವಣಿಗೆ ಬರುವುದನ್ನು ಕಂಡರು. ಮುಂದೆ ಪಿಟೀಲು ನುಡಿಯುತ್ತಿತ್ತು, ನಡುವೆ ಅಮೆರಿಕದ ಬಾವುಟ ಹಾರುತ್ತಿತ್ತು. ಹತ್ತಿರ ಬಂದಾಗ ನೋಡಿದರೆ, ಸುಮಾರು ನಲವತ್ತು ಗಂಡಸರನ್ನು ಜೋಡಿ ಜೋಡಿಯಾಗಿ ಒಂದೇ ಸರಪಳಿಗೆ ಕಟ್ಟಿ ನಡೆಸುತ್ತಿದ್ದರು, ಹಿಂದೆ ಹೆಂಗಸರ ಸಾಲು. 1826ರಲ್ಲಿ ಸ್ಟೋನ್ 77 ಜನರನ್ನು ದೋಣಿಯಲ್ಲಿ ತುಂಬಿಕೊಂಡು ಓಹಾಯೊ ನದಿಯಲ್ಲಿ ಹೊರಟಿದ್ದ. ಅವರು ದಂಗೆ ಎದ್ದು ಅವನನ್ನೂ ಅವನ ಜೊತೆಗಿದ್ದ ನಾಲ್ವರನ್ನೂ ಕೊಂದರು. ದಂಗೆ ಎದ್ದವರಲ್ಲಿ ಐವರನ್ನು ಆಮೇಲೆ ಗಲ್ಲಿಗೆ ಹಾಕಿದರು. ಆ ಮನೆಯ ಬಾಗಿಲ ಮೇಲಿನ ಕಮಾನಿನ ಕುಸುರಿಯನ್ನು ಹೊಗಳುವಾಗ ಕೆಳಗಿನ ಕೋಣೆಯನ್ನು ಬಿಟ್ಟುಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎರಡೂ ಒಂದೇ ಮನೆ ಅಲ್ವಾ?

ನಿಮ್ಮ ಮನೆಯಲ್ಲಿ ಇದ್ದವರನ್ನು ಹೇಗೆ ಹುಡುಕುವುದು? 1860ರ ಗುಲಾಮರ ಪಟ್ಟಿಯಲ್ಲಿ ಒಡೆಯನ ಹೆಸರಿನ ಕೆಳಗೆ ಬರೀ ವಯಸ್ಸು, ಗಂಡೋ ಹೆಣ್ಣೋ, ಬಣ್ಣ ಇಷ್ಟೇ ಬರೆದಿದ್ದಾರೆ. ಹೆಸರಿಲ್ಲ. ಆದರೆ ಕೊನೆಯಲ್ಲಿ ಒಂದು ಅಂಕಣವಿದೆ: ಆ ಒಡೆಯನ ಜಾಗದಲ್ಲಿ ಗುಲಾಮರ ಮನೆ ಎಷ್ಟು ಎಂದು. ಅಲ್ಲಿ 3 ಎಂದಿದ್ದರೆ, ನಿಮ್ಮ 12 ಎಕರೆಯಲ್ಲೋ ಪಕ್ಕದಲ್ಲೋ ಮೂರು ಮನೆ ಇದ್ದವು. ಹೆಸರು ಬೇಕಾದರೆ ಉಯಿಲು ನೋಡಿ, ಒಡೆಯ ಸತ್ತಾಗ ಬರೆದ ಆಸ್ತಿಯ ಪಟ್ಟಿ ನೋಡಿ. ಹಾಸಿಗೆ, ನೇಗಿಲು, ಬಿಳಿ ಹಸು ಎಂದು ಬರೆಯುತ್ತ ಬಂದ ಪಟ್ಟಿಯ ನಡುವೆ ಹೆಸರು, ವಯಸ್ಸು, ಬೆಲೆ. ಮೊದಲ ಸಲ ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಇನ್ನೊಂದು ದಾರಿಯೂ ಇದೆ. ಅಮೆರಿಕದ ಅಂತರ್ಯುದ್ಧದ ನಡುವೆ, 1864ರಿಂದ, ಕೆಂಟಕಿಯ ಗುಲಾಮ ಗಂಡಸರು ಕ್ಯಾಂಪ್ ನೆಲ್ಸನ್ ಎಂಬ ಕೇಂದ್ರ ಸರ್ಕಾರದ ಸೈನ್ಯದ ನೆಲೆಗೆ ಓಡಿಹೋಗಿ ಸೇರಿಕೊಂಡರು. ಸೈನ್ಯ ಸೇರಿದರೆ ಬಿಡುಗಡೆ. ಹತ್ತು ಸಾವಿರಕ್ಕೂ ಹೆಚ್ಚು ಕಪ್ಪು ಸೈನಿಕರು ಅಲ್ಲಿಂದ ಹೊರಟರು. ಸೇರಿದವನ ಹೆಸರು, ಹುಟ್ಟಿದ ಜಾಗ, ಎಷ್ಟೋ ಕಡೆ ಒಡೆಯನ ಹೆಸರೂ ಆ ದಾಖಲೆಗಳಲ್ಲಿವೆ. ಆ ಜಾಗ ಈಗ ರಾಷ್ಟ್ರೀಯ ಸ್ಮಾರಕ, ಲೆಕ್ಸಿಂಗ್ಟನ್‌ನಿಂದ ಅರ್ಧ ಗಂಟೆ ದಾರಿ. ಯುದ್ಧ ಮುಗಿದ ಮೇಲೆ ಈ ಜನ ದೊಡ್ಡ ಹೊಲಗಳ ಅಂಚಿನಲ್ಲಿ ಒಂದೆರಡು ಎಕರೆಯ ತುಂಡು ಜಾಗ ಕೊಂಡು ಸಣ್ಣ ಸಣ್ಣ ಊರು ಕಟ್ಟಿಕೊಂಡರು. ಪ್ಯಾರಿಸ್ ಪಕ್ಕದ ಕ್ಲೇಸ್‌ವಿಲ್ ಅಂಥದ್ದೊಂದು. ಮೂರು ಸೂಚನೆಯ ಟ್ರಾಫಿಕ್ ಸಿಗ್ನಲ್‌ಗೆ ಪೇಟೆಂಟ್ ಪಡೆದ ಗ್ಯಾರೆಟ್ ಮಾರ್ಗನ್ 1877ರಲ್ಲಿ ಹುಟ್ಟಿದ್ದು ಅಲ್ಲೇ. ಚಾರಿತ್ರಿಕ ಮನೆಗಳನ್ನು ನೋಡಲು ಹೊರಟವರು ಸಾಮಾನ್ಯವಾಗಿ ಆ ಕಡೆ ತಿರುಗುವುದೇ ಇಲ್ಲ, ತಿರುಗಬೇಕು.

ಕಲ್ಲುಗೋಡೆಗೆ ಬರೋಣ. ಗುಲಾಮರ ಗೋಡೆ ಎಂಬುದು ಅರ್ಧ ನಿಜ. ಈ ಕಸುಬು ಮೊದಲು ಬಂದಿದ್ದು ಸ್ಕಾಟ್ಲೆಂಡ್, ಐರ್ಲೆಂಡ್ ಮೂಲದ ವಲಸಿಗರ ಜೊತೆ. 1840ರ ಆಚೀಚೆ ಟೋಲ್ ರಸ್ತೆಗಳು ಆದಾಗ ಐರ್ಲೆಂಡಿನಿಂದ ಬಂದ ಕೂಲಿಗಳು ಮೈಲಿಗಟ್ಟಲೆ ಗೋಡೆ ಕಟ್ಟಿದರು. ಅವರ ಜೊತೆ ಕೈಜೋಡಿಸಿದ ಗುಲಾಮರು ಕಸುಬು ಕಲಿತರು. ಬಿಡುಗಡೆಯ ನಂತರ ಅದನ್ನೇ ಹಿಡಿದು, ಕೂಲಿಗೆ ಗೋಡೆ ಕಟ್ಟುವ ಮೇಸ್ತ್ರಿಗಳಾದ ಕಪ್ಪು ಜನ ಬಹಳ. ಹಾಗಾಗಿ ನಿಮ್ಮ ಗೋಡೆ ಯಾರದೂ ಆಗಿರಬಹುದು. ಗುಲಾಮನ ಬಲವಂತದ ದುಡಿಮೆ ಆಗಿರಬಹುದು. ಸ್ವತಂತ್ರ ಮೇಸ್ತ್ರಿಯೊಬ್ಬ ಅಡಿಗೆ ಇಷ್ಟು ಎಂದು ಮಾತಾಡಿ, ದುಡ್ಡು ಎಣಿಸಿಕೊಂಡು ಕಟ್ಟಿದ್ದೂ ಆಗಿರಬಹುದು.

ಒಂದು ಸಲ ಆ ಗೋಡೆಯ ಬಿದ್ದ ಭಾಗದ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡಿ. ಬುಡದಲ್ಲಿ ಸುಮಾರು ಮೂರು ಅಡಿ ಅಗಲ, ಮೇಲೆ ಹೋದ ಹಾಗೆ ಕಿರಿದು. ನಿಜವಾಗಿ ಅದು ಒಂದು ಗೋಡೆ ಅಲ್ಲ, ಒಂದಕ್ಕೊಂದು ಒರಗಿದ ಎರಡು ಗೋಡೆ. ನಡುವೆ ಚೂರುಗಲ್ಲು ತುಂಬಿರುತ್ತಾರೆ. ಅಲ್ಲಲ್ಲಿ ಈ ಮೈಯಿಂದ ಆ ಮೈಗೆ ದಾಟುವ ಉದ್ದ ಕಲ್ಲು, ಎರಡನ್ನೂ ಹಿಡಿದಿಡಲು. ತಲೆಯ ಮೇಲೆ ಚಪ್ಪಟೆ ಕಲ್ಲುಗಳನ್ನು ಪುಸ್ತಕದ ಹಾಗೆ ಓರೆಯಾಗಿ ನಿಲ್ಲಿಸಿರುತ್ತಾರೆ. ಆ ಭಾರಕ್ಕೆ ಕೆಳಗಿನದೆಲ್ಲ ಬಿಗಿಯಾಗುತ್ತದೆ. ಗಾರೆ ಒಂದು ಚಿಟಿಕೆಯೂ ಇಲ್ಲ. ಮಳೆನೀರು ಸುಮ್ನೆ ಹರಿದುಹೋಗುತ್ತದೆ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಉಬ್ಬಿದಾಗ ಗೋಡೆಯೂ ಒಂದು ಕೂದಲೆಳೆ ಎದ್ದು, ಮತ್ತೆ ಕೂರುತ್ತದೆ. ದಯವಿಟ್ಟು ಇದಕ್ಕೆ ಸಿಮೆಂಟ್ ಹಾಕಿಸಬೇಡಿ. ಹಾಕಿದರೆ ಅದು ಕೂರುವುದಿಲ್ಲ, ಸೀಳುತ್ತದೆ.

ಈ ಗೋಡೆಗಳ ಬೆಲೆ ಜನಕ್ಕೆ ತಿಳಿಯಲು ಒಂದು ರಸ್ತೆಯ ಜಗಳವೇ ಬೇಕಾಯಿತು. ನೀವು ಓಡಾಡುವ ಪ್ಯಾರಿಸ್ ಪೈಕ್, ಲೆಕ್ಸಿಂಗ್ಟನ್‌ನಿಂದ ಪ್ಯಾರಿಸ್‌ಗೆ ಹೋಗುವ ದಾರಿ, ಮೊದಲು ಇಕ್ಕಟ್ಟಾದ ಎರಡೇ ಲೇನು. ಅಪಘಾತ ಜಾಸ್ತಿ. ಅಗಲ ಮಾಡುವ ಮಾತು 1960ರ ದಶಕದಲ್ಲೇ ಬಂತು. ಮರ, ಗೋಡೆ, ಹೊಲ ಎಲ್ಲ ಹೋಗುತ್ತದೆ ಎಂದು ಜನ ಕೋರ್ಟಿಗೆ ಹೋದರು, 1979ರಲ್ಲಿ ಕೆಲಸಕ್ಕೆ ತಡೆ ಬಿತ್ತು. ಕೊನೆಗೆ ಎರಡು ಪಕ್ಷದವರೂ ಕೂತು ಬೇರೆ ರೀತಿಯ ರಸ್ತೆ ಮಾಡಿದರು. ಹೋಗುವ ದಾರಿ, ಬರುವ ದಾರಿ ಬೇರೆ ಬೇರೆಯಾಗಿ ನೆಲದ ಏರಿಳಿತ ನೋಡಿಕೊಂಡು ಬಳುಕುತ್ತವೆ. ತೆಗೆಯಬೇಕಾದ ಗೋಡೆಗಳನ್ನು ಬಿಚ್ಚಿ, ಹಳೇ ಕ್ರಮದಲ್ಲೇ ಮತ್ತೆ ಕಟ್ಟಿಸಿದರು. ಆ ಹೊತ್ತಿಗೆ ಕಸುಬು ಬಲ್ಲವರು ಬೆರಳೆಣಿಕೆಯಷ್ಟು. 1996ರಲ್ಲಿ ಲೆಕ್ಸಿಂಗ್ಟನ್‌ನಲ್ಲಿ ಡ್ರೈ ಸ್ಟೋನ್ ಕನ್ಸರ್ವೆನ್ಸಿ ಹುಟ್ಟಿತು, ಅವರು ಮೇಸ್ತ್ರಿಗಳಿಗೆ ತರಬೇತಿ ಕೊಡುತ್ತಾರೆ. ನಿಮ್ಮ ಗೋಡೆಯ ರಿಪೇರಿಗೂ ಅಲ್ಲೇ ಕೇಳಿ. ಶನಿವಾರ ಭಾನುವಾರದ ಕಮ್ಮಟಗಳಿಗೆ ನೀವೇ ಹೋಗಿ ಕಲಿತರೆ ಇನ್ನೂ ಒಳ್ಳೆಯದು.

ಕಪ್ಪು ಬಾರ್ನ್ ಹೊಗೆಸೊಪ್ಪಿನದು. ಹುಣಸೂರು, ಪಿರಿಯಾಪಟ್ಟಣದ ಕಡೆಯವರಾದರೆ ಬ್ಯಾರನ್ ಅಂದಕೂಡಲೇ ಸೌದೆ ಉರಿಸಿ ಕಾವು ಕೊಡುವ ಮುಚ್ಚಿದ ಕಟ್ಟಡ ಕಣ್ಣಮುಂದೆ ಬರುತ್ತದೆ. ಇಲ್ಲಿನ ಬರ್ಲಿ ತಳಿಗೆ ಬೆಂಕಿ ಬೇಡ, ಗಾಳಿ ಸಾಕು. ಅದಕ್ಕೇ ಬಾರ್ನ್ ಅಷ್ಟು ಎತ್ತರ. ಪಕ್ಕದ ಗೋಡೆಯಲ್ಲಿ ನೆಲದಿಂದ ಸೂರಿನ ತನಕ ಕಿರಿದಾದ ಹಲಗೆ ಬಾಗಿಲುಗಳಿವೆ. ಬಿಸಿಲಿದ್ದರೆ ತೆಗೆಯುವುದು, ಮಳೆ ಬಂದರೆ ಮುಚ್ಚುವುದು. ಆಗಸ್ಟ್ ಕೊನೆಗೆ ಗಿಡವನ್ನು ಬುಡಸಮೇತ ಕಡಿದು, ಐದಾರು ದಂಟುಗಳನ್ನು ಒಂದು ಕೋಲಿಗೆ ಚುಚ್ಚುತ್ತಾರೆ. ಒಳಗೆ ಅಂತಸ್ತು ಅಂತಸ್ತಾಗಿ ಹಾಕಿದ ಅಡ್ಡತೊಲೆಗಳ ಮೇಲೆ ಕಾಲು ಕವಲಿಟ್ಟು ನಿಂತವರು ಆ ಕೋಲನ್ನು ಕೆಳಗಿನವನಿಂದ ಮೇಲಿನವನಿಗೆ ದಾಟಿಸುತ್ತಾರೆ. ಎಲೆ ಒಣಗಿದ ಮೇಲೆ ಮುಟ್ಟುವ ಹಾಗಿಲ್ಲ, ಪುಡಿಯಾಗುತ್ತದೆ. ಚಳಿಗಾಲದ ಮೋಡ ಮುಸುಕಿ, ತೇವಕ್ಕೆ ಎಲೆ ಹದಕ್ಕೆ ಬಂದಾಗ ಕೆಳಗಿಳಿಸಿ ಬಿಡಿಸುತ್ತಾರೆ. ಕಪ್ಪು ಬಣ್ಣ ಬಿಸಿಲಿನ ಕಾವು ಹಿಡಿಯುತ್ತದೆ ಎನ್ನುತ್ತಾರೆ. ಅಗ್ಗ, ಬಾಳಿಕೆ ಜಾಸ್ತಿ ಎಂಬುದೂ ಅಷ್ಟೇ ದೊಡ್ಡ ಕಾರಣ.

2004ರಲ್ಲಿ ಸರ್ಕಾರ ಹೊಗೆಸೊಪ್ಪಿನ ಕೋಟಾ ಪದ್ಧತಿ ತೆಗೆದುಹಾಕಿತು. ಸಣ್ಣ ರೈತರು ಹಣ ತೆಗೆದುಕೊಂಡು ಬೆಳೆ ಬಿಟ್ಟರು. ಅಲ್ಲಿಂದ ಈಚೆಗೆ ಈ ಬಾರ್ನ್‌ಗಳು ಒಂದೊಂದಾಗಿ ಬಾಗಿ ಬೀಳುತ್ತಿವೆ. ಹಳೇ ಹಲಗೆಗೆ ಪೇಟೆಯಲ್ಲಿ ಒಳ್ಳೇ ಬೆಲೆ ಎಂದು ಬಿಚ್ಚಿ ಮಾರುವವರೂ ಇದ್ದಾರೆ. ಮನೆಗೆ ಎಲ್ಲರೂ ದುಡ್ಡು ಹಾಕುತ್ತಾರೆ, ಬಾರ್ನ್‌ಗೆ ಯಾರೂ ಹಾಕುವುದಿಲ್ಲ. ನಿಮ್ಮದರ ಮಾಡಿಗೆ ಒಂದು ಸಲ ಒಳ್ಳೇ ತಗಡು ಹೊದಿಸಿ, ಕಂಬದ ಬುಡದಲ್ಲಿ ನೀರು ನಿಲ್ಲದ ಹಾಗೆ ಮಾಡಿ. ಇನ್ನೊಂದು ತಲೆಮಾರು ನಿಲ್ಲುತ್ತದೆ.

ಮನೆಯ ರಿಪೇರಿಯಲ್ಲೂ ನೀರಿನದೇ ಮೊದಲ ಮಾತು. ಮಾಡು, ಮಳೆನೀರಿನ ದೋಣಿ, ಮನೆಯಿಂದ ಹೊರಕ್ಕೆ ಇಳಿಜಾರು. ಅಡುಗೆಮನೆಯ ಗ್ರಾನೈಟ್ ಆಮೇಲೆ. ಎರಡನೆಯದು ಗಾರೆ. ಆ ಕಾಲದ ಇಟ್ಟಿಗೆ ಹೊಲದ ಮಣ್ಣಿನಿಂದ ಅಲ್ಲೇ ಸುಟ್ಟಿದ್ದು, ಮೆತ್ತಗಿರುತ್ತದೆ. ಅದಕ್ಕೆ ಹಾಕಿದ್ದು ಸುಣ್ಣದ ಗಾರೆ. ಊರಿನ ನಿಮ್ಮ ಅಜ್ಜನ ಮನೆಗೆ ಹಾಕಿದ್ದೂ ಅದೇ ಇರಬಹುದು. ಗೋಡೆ ಕುಡಿದ ತೇವವನ್ನು ಸುಣ್ಣ ಮೆಲ್ಲಗೆ ಹೊರಗೆ ಬಿಡುತ್ತದೆ. ಒಂದು ಮನೆಯಲ್ಲಿ ಸಂದುಗಳಿಗೆಲ್ಲ ಸಿಮೆಂಟ್ ತುಂಬಿಸಿ, ನೋಡಲು ನೀಟಾಯಿತು ಎಂದು ಮಾಲೀಕರು ಸಮಾಧಾನ ಪಟ್ಟಿದ್ದರು. ಏಳೆಂಟು ಚಳಿಗಾಲ ಕಳೆದ ಮೇಲೆ ನನ್ನನ್ನು ಕರೆಸಿದರು. ಸಿಮೆಂಟ್ ಗೆರೆಗಳು ಹಾಗೇ ಗಟ್ಟಿಯಾಗಿ ನಿಂತಿದ್ದವು, ನಡುವಿನ ಇಟ್ಟಿಗೆಯ ಮುಖ ಹಪ್ಪಳದ ಹಾಗೆ ಎದ್ದು ಉದುರಿತ್ತು. ಬಿದ್ದ ಚೂರು ಎತ್ತಿಕೊಂಡು ನೋಡಿದರೆ ಒಂದರ ಮೇಲೆ ನಾಲ್ಕು ಬೆರಳ ಗುರುತು. ಹಸಿ ಇಟ್ಟಿಗೆಯನ್ನು ಬಿಸಿಲಿಗೆ ತಿರುವಿ ಹಾಕುವಾಗ ಒತ್ತಿದ್ದು. ಬೆರಳು ಚಿಕ್ಕವು, ಹತ್ತು ಹನ್ನೆರಡು ವರ್ಷದ ಮಗುವಿನದು ಇರಬೇಕು. ಇನ್ನೂರು ವರ್ಷ ಉಳಿದಿದ್ದ ಆ ಗುರುತು ಎಂಟು ವರ್ಷದ ಸಿಮೆಂಟಿಗೆ ಹೋಯಿತು. ಹಾಗಾಗಿ ಗಾರೆ ಕೆಲಸದವರನ್ನು ಕರೆದಾಗ ಮೊದಲ ಪ್ರಶ್ನೆ ಸುಣ್ಣದ್ದೇ ಇರಲಿ.

ಹಳೇ ಮರದ ಕಿಟಕಿಗಳನ್ನು ಕಿತ್ತು ಪ್ಲಾಸ್ಟಿಕ್ ಹಾಕಿಸಬೇಡಿ. ಆ ಮರ ಈಗ ದುಡ್ಡು ಕೊಟ್ಟರೂ ಸಿಗದಂಥದ್ದು. ರಿಪೇರಿ ಮಾಡಿಸಿ, ಹೊರಗಿನಿಂದ ಇನ್ನೊಂದು ಗಾಜಿನ ಪದರ ಕೊಡಿಸಿ. 1978ಕ್ಕಿಂತ ಹಿಂದಿನ ಪೇಂಟಿನಲ್ಲಿ ಸೀಸ ಇರಬಹುದು, ಚಿಕ್ಕ ಮಕ್ಕಳಿದ್ದರೆ ನೀವೇ ಕೆರೆಯಲು ಹೋಗಬೇಡಿ. ಸುಣ್ಣಕಲ್ಲಿನ ನೆಲವಾದ್ದರಿಂದ ರೇಡಾನ್ (ನೆಲದಿಂದ ಮನೆಯೊಳಗೆ ಬರುವ ವಿಕಿರಣ ಅನಿಲ) ಪರೀಕ್ಷೆ ಮಾಡಿಸಿ, ಜಮೀನಿನಲ್ಲಿ ನೆಲ ಕುಸಿದ ಗುಂಡಿಗಳಿವೆಯೇ ಎಂದೂ ನೋಡಿಸಿ. ರಾಷ್ಟ್ರೀಯ ಚಾರಿತ್ರಿಕ ಪಟ್ಟಿಗೆ ಸೇರಿಸಿದರೆ ಮೊಳೆ ಹೊಡೆಯಲೂ ಬಿಡುವುದಿಲ್ಲ ಎಂಬ ಭಯ ಬೇಡ. ನಿಮ್ಮ ಸ್ವಂತ ದುಡ್ಡಿನಲ್ಲಿ ನೀವು ಮಾಡುವುದನ್ನು ಆ ಪಟ್ಟಿ ತಡೆಯುವುದಿಲ್ಲ. ಬದಲಿಗೆ ಕೆಂಟಕಿ ಹೆರಿಟೇಜ್ ಕೌನ್ಸಿಲ್ ಮೂಲಕ ರಾಜ್ಯದ ತೆರಿಗೆ ರಿಯಾಯಿತಿಗೆ ದಾರಿ ಆಗುತ್ತದೆ. ಕೆಲಸ ಶುರು ಮಾಡುವ ಮೊದಲೇ ಅವರ ಹತ್ತಿರ ಮಾತಾಡಿ. ಮುಗಿಸಿ ಹೋದರೆ ಕೈ ಖಾಲಿ.

ಕೊಳ್ಳುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಕೇನ್ ರಿಡ್ಜ್‌ಗೆ ಹೋಗಿ ಬನ್ನಿ. ಪ್ಯಾರಿಸ್ಸಿನ ಪೂರ್ವಕ್ಕೆ, ಹೊಲಗಳ ನಡುವೆ. 1791ರ ದಿಮ್ಮಿ ಪ್ರಾರ್ಥನಾಮಂದಿರ, ಅದನ್ನು ಕಾಪಾಡಲು 1957ರಲ್ಲಿ ಸುತ್ತ ಕಲ್ಲಿನ ಕಟ್ಟಡ ಕಟ್ಟಿದ್ದಾರೆ. 1801ರ ಆಗಸ್ಟ್‌ನಲ್ಲಿ ಅಲ್ಲಿ ನಡೆದ ದೊಡ್ಡ ಧಾರ್ಮಿಕ ಸಭೆಗೆ ಸೇರಿದ ಜನ ಹತ್ತು ಸಾವಿರ ಎಂದು ಕೆಲವರು, ಇಪ್ಪತ್ತು ಸಾವಿರ ಎಂದು ಕೆಲವರು. ದಿಮ್ಮಿ ಮೂಲೆಯಲ್ಲಿ ಹೇಗೆ ಕಚ್ಚಿಕೊಳ್ಳುತ್ತದೆ ಎಂಬುದನ್ನು ಅಲ್ಲಿ ಕೈಯಳತೆಯಲ್ಲಿ ನೋಡಬಹುದು. ತಲೆ ಎತ್ತಿದರೆ ಗುಲಾಮರಿಗೆಂದು ಮಾಡಿದ ಅಟ್ಟಣೆ ಕಾಣುತ್ತದೆ. ಅವರು ಒಳಗಿನಿಂದ ಹತ್ತುವಂತಿರಲಿಲ್ಲ, ಹೊರಗೆ ಏಣಿ ಇಟ್ಟು ಮೇಲಿನ ಕಿಂಡಿಯಿಂದ ನುಗ್ಗಬೇಕಿತ್ತು. ವಾಪಸ್ ಬರುವಾಗ ಸಮಯವಿದ್ದರೆ ಕ್ಲೇಬೋರ್ನ್ ಫಾರ್ಮ್ ನೋಡಬಹುದು. 1910ರಿಂದ ಇರುವ ಕುದುರೆ ಫಾರ್ಮ್, ಮೊದಲೇ ಬುಕ್ ಮಾಡಬೇಕು. 1973ರಲ್ಲಿ ಮೂರು ದೊಡ್ಡ ರೇಸ್‌ಗಳನ್ನೂ ಗೆದ್ದ ಸೆಕ್ರೆಟೇರಿಯಟ್‌ನ ಸಮಾಧಿ ಅಲ್ಲಿದೆ. ಉಳಿದ ಹಳೇ ಮನೆಗಳಲ್ಲಿ ಹೆಚ್ಚಿನವು ಜನ ವಾಸ ಮಾಡುತ್ತಿರುವ ಮನೆಗಳು. ರಸ್ತೆಯಿಂದಲೇ ನೋಡಿ, ಒಳಗೆ ಹೋಗಬೇಕೆಂದರೆ ಕೇಳಿ ಹೋಗಿ. ಕೇಳಿದರೆ ಬಹಳಷ್ಟು ಜನ ಖುಷಿಯಿಂದ ತೋರಿಸುತ್ತಾರೆ.

ಗುಲಾಮರ ಮನೆಗಳ ಮಾತು ಹೇಳಿದೆನಲ್ಲ, ಇದ್ದಿದ್ದರೂ ಅವು ಈಗ ಕಾಣುವುದಿಲ್ಲ. ನೀವು ಮಾರ್ಚ್ ನಡುವಿನ ಒಂದು ಬೆಳಿಗ್ಗೆ, ಹುಲ್ಲು ಎತ್ತರ ಬೆಳೆಯುವ ಮೊದಲು, ಮನೆಯ ಹಿಂದಿನ ಇಳಿಜಾರಿನಲ್ಲಿ ಒರತೆಯ ಕಡೆ ನಡೆದುಕೊಂಡು ಹೋಗಿ. ಈಗ ಯಾರೂ ಹೂ ನೆಡದ ಜಾಗದಲ್ಲಿ, ಹೊಲದ ನಡುವೆ, ಹಳದಿ ಡ್ಯಾಫೊಡಿಲ್ ಹೂ ಸಾಲಾಗಿ ಎದ್ದಿರಬಹುದು. ಆ ಗಡ್ಡೆ ನೂರು ವರ್ಷ ಕಳೆದರೂ ನೆಟ್ಟಲ್ಲೇ ಚಿಗುರುತ್ತದೆ. ಸಾಲು ಎಲ್ಲಿ ತುಂಡಾಗಿದೆಯೋ ಅಲ್ಲಿ ನಿಂತು ಕಾಲಿನಿಂದ ಹುಲ್ಲು ಸರಿಸಿ ನೋಡಿ. ಒಂದು ಚಪ್ಪಟೆ ಕಲ್ಲು ಸಿಕ್ಕರೆ ಅದು ಬಾಗಿಲ ಮೆಟ್ಟಿಲು. ಕಲ್ಲನ್ನು ಅಲ್ಲೇ ಬಿಟ್ಟು, ಜಾಗವನ್ನು ನಕ್ಷೆಯಲ್ಲಿ ಗುರುತು ಮಾಡಿ, ಫೋಟೊ ಕಳಿಸಿ.